ಪ್ರಶ್ನೆಯಲ್ಲೇ ಅಡಗಿರುವ ತಾರತಮ್ಯ: ಬಂಡವಾಳ ಕೇಳಲು ಹೋದ ಉದ್ಯಮಿಯೊಬ್ಬರಿಗೆ ಉತ್ತರ

ಪ್ರಶ್ನೆ: ನಾನು ನಾಲ್ಕು ವರ್ಷಗಳಿಂದ ಒಂದು ಸಣ್ಣ ಕಂಪನಿ ನಡೆಸುತ್ತಿದ್ದೇನೆ. ಲಸಿಕೆ ಮತ್ತು ಔಷಧಗಳನ್ನು ಸಾಗಿಸುವ ಶೀತಲ ಪೆಟ್ಟಿಗೆಗಳೊಳಗಿನ ತಾಪಮಾನವನ್ನು ಬಿಡದೆ ದಾಖಲಿಸಿ, ಏರುಪೇರಾದ ಕೂಡಲೇ ಎಚ್ಚರಿಸುವ ಸಾಧನವನ್ನು ನಾವು ತಯಾರಿಸುತ್ತೇವೆ. ವಹಿವಾಟು ವರ್ಷದಿಂದ ವರ್ಷಕ್ಕೆ ಏರಿದೆ. ವಿಸ್ತರಣೆಗಾಗಿ ಹನ್ನೊಂದು ಮಂದಿ ಹೂಡಿಕೆದಾರರನ್ನು ಕಂಡಿದ್ದೇನೆ. ಎಲ್ಲರೂ ಸೌಜನ್ಯದಿಂದಲೇ ಮಾತನಾಡಿಸಿದರು, ಯಾರೂ ಹಣ ಹಾಕಲಿಲ್ಲ. ಎಂಟನೆಯ ಭೇಟಿಯ ನಂತರ ಕೇಳುವ ಮೊತ್ತವನ್ನು ಅರ್ಧಕ್ಕೆ ಇಳಿಸಿದೆ, ಅದರಿಂದಲೂ ಪ್ರಯೋಜನವಾಗಲಿಲ್ಲ. ನನ್ನ ಉದ್ಯಮವೇ ದುರ್ಬಲವೋ ಅಥವಾ ನಾನು ಹೆಣ್ಣೆಂಬ ಕಾರಣಕ್ಕೆ ಹೀಗಾಗುತ್ತಿದೆಯೋ? ಹಿತೈಷಿಯೊಬ್ಬರು, ಪುರುಷ ಸಹೋದ್ಯೋಗಿಯೊಬ್ಬರಿಗೆ ಪಾಲು ಕೊಟ್ಟು ಸಹಸಂಸ್ಥಾಪಕರನ್ನಾಗಿಸಿ ಅವರನ್ನೇ ಮುಂದೆ ಕೂರಿಸಿ ಎನ್ನುತ್ತಾರೆ. ಹಾಗೆ ಮಾಡಲೇ? ಭೇಟಿಗಳಲ್ಲಿ ನನಗೆ ಎದುರಾದ ಪ್ರಶ್ನೆಗಳ ಪಟ್ಟಿಯನ್ನೂ ಕಂಪನಿಯ ಲೆಕ್ಕಪತ್ರ ಮತ್ತು ಯೋಜನೆಯನ್ನೂ ಇದರೊಂದಿಗೆ ಇಟ್ಟಿದ್ದೇನೆ.

ಉತ್ತರ: ನಿಮ್ಮ ಪತ್ರವನ್ನೂ ಪ್ರಶ್ನೆಗಳ ಪಟ್ಟಿಯನ್ನೂ ಎರಡೆರಡು ಸಲ ಓದಿದೆ. ಹನ್ನೊಂದು ನಿರಾಕರಣೆಗಳನ್ನಷ್ಟೇ ಮುಂದಿಟ್ಟುಕೊಂಡು ಇದು ತಾರತಮ್ಯವೆಂದೋ ಅಲ್ಲವೆಂದೋ ತೀರ್ಪು ಕೊಡಲು ಬರುವುದಿಲ್ಲ. ಹೂಡಿಕೆ ಕೇಳಿ ಬರುವವರಲ್ಲಿ ಬಹುಪಾಲು ಜನ, ಗಂಡಸರೂ ಸೇರಿದಂತೆ, ಬರಿಗೈಯಲ್ಲೇ ಮರಳುತ್ತಾರೆ. ಆದರೆ ನೀವು ಬರೆದಿಟ್ಟುಕೊಂಡ ಪಟ್ಟಿ ಇದೆಯಲ್ಲ, ಅದು ನಿರಾಕರಣೆಗಳಿಗಿಂತ ಗಟ್ಟಿಯಾದ ಸಾಕ್ಷ್ಯ. ಅದರಲ್ಲಿರುವ ಇಪ್ಪತ್ತನಾಲ್ಕು ಪ್ರಶ್ನೆಗಳಲ್ಲಿ ಹದಿನೇಳು ಪ್ರಶ್ನೆಗಳು ನಷ್ಟದ ಸುತ್ತಲೇ ಸುತ್ತುತ್ತವೆ: ಈಗಿರುವ ಆಸ್ಪತ್ರೆಗಳು ಕೈಬಿಟ್ಟರೆ ಏನು ಮಾಡುತ್ತೀರಿ, ದೊಡ್ಡ ಕಂಪನಿಯೊಂದು ಇದನ್ನೇ ತಯಾರಿಸಿದರೆ ತಡೆದುಕೊಳ್ಳುವಿರಾ, ಹಣ ನಡುವೆಯೇ ಮುಗಿದರೆ ಹೇಗೆ, ಮನೆ ಮತ್ತು ಕಂಪನಿ ಎರಡನ್ನೂ ಹೇಗೆ ನಿಭಾಯಿಸುತ್ತೀರಿ. ಈ ಸಾಧನ ಎಷ್ಟು ದೂರ ಹೋಗಬಹುದು, ಎಷ್ಟು ಆಸ್ಪತ್ರೆಗಳನ್ನು ತಲುಪಬಹುದು ಎಂದು ಕೇಳಿದವರು ಹನ್ನೊಂದರಲ್ಲಿ ಇಬ್ಬರು ಮಾತ್ರ. ಮಹಿಳೆಯರ ಉದ್ಯಮಗಳಿಗೆ ಬಂಡವಾಳ ಹರಿಯದಿರುವುದರ ಬಗ್ಗೆ ಇಷ್ಟು ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಓದಿ ನನಗೆ ಮನದಟ್ಟಾದ ಒಂದು ಸಂಗತಿಯೆಂದರೆ, ತಾರತಮ್ಯ ಹೆಚ್ಚಾಗಿ ಇರುವುದು ‘ಇಲ್ಲ’ ಎಂಬ ಉತ್ತರದಲ್ಲಲ್ಲ, ಅದಕ್ಕೂ ಮೊದಲು ಕೇಳುವ ಪ್ರಶ್ನೆಯಲ್ಲಿ ಮತ್ತು ಹಾಕುವ ಷರತ್ತಿನಲ್ಲಿ. ನಿಮ್ಮ ಪಟ್ಟಿ ಅದಕ್ಕೆ ತೀರ ಹತ್ತಿರದಲ್ಲಿದೆ.

ಡೇನಾ ಕಾಂಜೆ, ಲಾರಾ ಹುವಾಂಗ್, ಮಾರ್ಕ್ ಕಾನ್ಲಿ ಮತ್ತು ಟೋರಿ ಹಿಗ್ಗಿನ್ಸ್ ಎಂಬ ಸಂಶೋಧಕರು 2010ರಿಂದ 2016ರವರೆಗೆ ನ್ಯೂಯಾರ್ಕ್‌ನಲ್ಲಿ ನಡೆದ, ಹೊಸ ಉದ್ಯಮಗಳು ಹೂಡಿಕೆದಾರರ ಮುಂದೆ ತಮ್ಮ ಯೋಜನೆ ಮಂಡಿಸುವ ಟೆಕ್‌ಕ್ರಂಚ್ ಡಿಸ್ರಪ್ಟ್ ಎಂಬ ಸ್ಪರ್ಧೆಗಳಲ್ಲಿ ವೇದಿಕೆಯೇರಿದ 189 ನವೋದ್ಯಮಗಳ ಪ್ರಶ್ನೋತ್ತರಗಳನ್ನು ಸಾಲುಸಾಲಾಗಿ ವಿಶ್ಲೇಷಿಸಿದರು. ಮನುಷ್ಯ ಒಂದು ಗುರಿಯನ್ನು ನೋಡುವಾಗ ಗಳಿಕೆಯ ಕಡೆಯಿಂದ ನೋಡುತ್ತಾನೋ ಕಳೆದುಕೊಳ್ಳುವ ಭಯದ ಕಡೆಯಿಂದ ನೋಡುತ್ತಾನೋ ಎಂಬ ಭೇದವನ್ನು ಮನೋವಿಜ್ಞಾನಿ ಹಿಗ್ಗಿನ್ಸ್ ಬಹಳ ಹಿಂದೆಯೇ ಸಿದ್ಧಾಂತವಾಗಿ ಮುಂದಿಟ್ಟಿದ್ದರು. ಆ ಭೇದವನ್ನೇ ಇಲ್ಲಿ ಅಳತೆಗೋಲಾಗಿ ಬಳಸಲಾಯಿತು. ಪುರುಷ ಉದ್ಯಮಿಗಳಿಗೆ ಕೇಳಿದ ಪ್ರಶ್ನೆಗಳಲ್ಲಿ ಶೇ 67ರಷ್ಟು ಗಳಿಕೆಯನ್ನು ಕುರಿತವು, ಮಹಿಳೆಯರಿಗೆ ಕೇಳಿದ ಪ್ರಶ್ನೆಗಳಲ್ಲಿ ಶೇ 66ರಷ್ಟು ನಷ್ಟವನ್ನು ಕುರಿತವು. ಒಬ್ಬರಿಗೆ ‘ಹೊಸ ಗ್ರಾಹಕರನ್ನು ಹೇಗೆ ಗಳಿಸುತ್ತೀರಿ’ ಎಂಬ ಪ್ರಶ್ನೆಯಾದರೆ ಇನ್ನೊಬ್ಬರಿಗೆ ‘ಇರುವ ಗ್ರಾಹಕರನ್ನು ಹೇಗೆ ಉಳಿಸಿಕೊಳ್ಳುತ್ತೀರಿ’ ಎಂಬ ಪ್ರಶ್ನೆ. ಎರಡರಲ್ಲಿಯೂ ತಪ್ಪಿಲ್ಲ, ಎರಡನ್ನೂ ಕೇಳಲೇಬೇಕು. ತೊಂದರೆಯಿರುವುದು ಯಾರಿಗೆ ಯಾವುದನ್ನು ಹೆಚ್ಚಾಗಿ ಕೇಳುತ್ತಾರೆ ಎಂಬುದರಲ್ಲಿ.

ಅದರ ಪರಿಣಾಮ ಮಾತಿನಲ್ಲೇ ನಿಲ್ಲಲಿಲ್ಲ. ಹೆಚ್ಚಾಗಿ ಗಳಿಕೆಯ ಪ್ರಶ್ನೆಗಳನ್ನು ಎದುರಿಸಿದ ಉದ್ಯಮಗಳು 2017ರ ಹೊತ್ತಿಗೆ ಸರಾಸರಿ 1.68 ಕೋಟಿ ಡಾಲರ್ ಬಂಡವಾಳ ಸಂಗ್ರಹಿಸಿದ್ದರೆ, ನಷ್ಟದ ಪ್ರಶ್ನೆಗಳನ್ನು ಎದುರಿಸಿದವು ಸಂಗ್ರಹಿಸಿದ್ದು ಸರಾಸರಿ 23 ಲಕ್ಷ ಡಾಲರ್. ಇದು ಏಕೆ ಹೀಗಾಗುತ್ತದೆ ಎಂಬುದನ್ನು ನಿಮ್ಮದೇ ಉದಾಹರಣೆಯಿಂದ ನೋಡಿ. ‘ಆಸ್ಪತ್ರೆಗಳು ಕೈಬಿಟ್ಟರೆ?’ ಎಂದು ಕೇಳಿದಾಗ ನೀವು ಕರಾರುಗಳ ಅವಧಿ, ದುರಸ್ತಿಯ ವ್ಯವಸ್ಥೆ, ದೂರುಗಳ ಸಂಖ್ಯೆ ಇವುಗಳನ್ನೆಲ್ಲ ಪ್ರಾಮಾಣಿಕವಾಗಿ ವಿವರಿಸಿದ್ದೀರಿ. ಉತ್ತರ ಸರಿಯಾಗಿಯೇ ಇದೆ. ಆದರೆ ಅದನ್ನು ಕೇಳಿಸಿಕೊಂಡವರ ಮನಸ್ಸಿನಲ್ಲಿ ಉಳಿಯುವುದು, ಹೇಗೋ ಬಿದ್ದುಹೋಗದಂತೆ ನಿಂತಿರುವ ಒಂದು ಸಣ್ಣ ಕಂಪನಿಯ ಚಿತ್ರ. ಅದೇ ಅರ್ಧ ಗಂಟೆಯಲ್ಲಿ ಇನ್ನೊಬ್ಬ ಉದ್ಯಮಿ ಮಾರುಕಟ್ಟೆ ಎಷ್ಟು ವಿಶಾಲವಾದುದು ಎಂದು ಹೇಳುತ್ತ ಹೋಗಿರುತ್ತಾನೆ, ಏಕೆಂದರೆ ಅವನನ್ನು ಕೇಳಿದ್ದೇ ಅದನ್ನು. ಇಬ್ಬರೂ ತಮ್ಮನ್ನು ಕೇಳಿದ್ದಕ್ಕೆ ನೇರವಾಗಿ ಉತ್ತರಿಸಿದ್ದಾರೆ. ಹೊರಗೆ ಬಂದಾಗ ಒಬ್ಬರು ದೊಡ್ಡ ಕನಸಿನವರೆಂದೂ ಇನ್ನೊಬ್ಬರು ಜಾಗರೂಕ ಸ್ವಭಾವದವರೆಂದೂ ದಾಖಲಾಗುತ್ತಾರೆ.

ಇದನ್ನು ನಾನು ಹೊರಗೆ ನಿಂತು ಹೇಳುತ್ತಿಲ್ಲ. ಹೂಡಿಕೆಯ ಅರ್ಜಿಗಳನ್ನು ಪರಿಶೀಲಿಸುವ ಸಮಿತಿಯೊಂದರಲ್ಲಿ ಕೆಲವು ವರ್ಷ ಕುಳಿತಿದ್ದವಳು ನಾನು. ಈ ಅಧ್ಯಯನವನ್ನು ಓದಿದ ಮೇಲೆ ನನ್ನ ಹಳೆಯ ಟಿಪ್ಪಣಿ ಪುಸ್ತಕಗಳನ್ನು ತೆರೆದು ನೋಡಿದೆ. ಒಂದೇ ದಿನ, ಒಂದೇ ಬಗೆಯ ಉದ್ಯಮ ಹೊತ್ತು ಬಂದಿದ್ದ ಇಬ್ಬರ ಹೆಸರಿನ ಕೆಳಗೆ ನನ್ನದೇ ಕೈಬರಹ ಇತ್ತು. ಯುವಕನ ಹೆಸರಿನ ಕೆಳಗೆ ‘ಎಷ್ಟು ಬೇಗ ಇಮ್ಮಡಿಸಬಹುದು?’ ಎಂದು ಬರೆದಿದ್ದೆ. ಯುವತಿಯ ಹೆಸರಿನ ಕೆಳಗೆ ‘ಖರ್ಚು ಹಿಡಿತದಲ್ಲಿದೆಯೇ? ಒಬ್ಬಳಿಂದಲೇ ಸಾಧ್ಯವೇ?’ ಎಂದು ಬರೆದಿದ್ದೆ. ಆ ಯುವಕನೂ ಒಬ್ಬನೇ ಸಂಸ್ಥಾಪಕ ಎಂಬುದು ಅದೇ ಪುಟದ ಮೇಲ್ಭಾಗದಲ್ಲಿತ್ತು. ನ್ಯೂಯಾರ್ಕ್ ಅಧ್ಯಯನದಲ್ಲಿ ಪ್ರಶ್ನೆ ಕೇಳಿದ ಹೂಡಿಕೆದಾರರಲ್ಲಿ ಶೇ 40ರಷ್ಟು ಮಹಿಳೆಯರೇ ಆಗಿದ್ದರು, ಪ್ರಶ್ನೆ ಕೇಳುವ ರೀತಿಯಲ್ಲಿ ಅವರಿಗೂ ಪುರುಷರಿಗೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ದ್ವೇಷ ಉಳ್ಳವರು ಮಾತ್ರ ತಾರತಮ್ಯ ಮಾಡುತ್ತಾರೆ ಎಂದು ನಂಬಿದರೆ, ನಿಮ್ಮೊಡನೆ ಸೌಜನ್ಯದಿಂದ ನಡೆದುಕೊಂಡ ಆ ಹನ್ನೊಂದು ಜನರ ವರ್ತನೆ ನಿಮಗೆ ಎಂದಿಗೂ ಅರ್ಥವಾಗುವುದಿಲ್ಲ.

ಪ್ರಶ್ನೋತ್ತರ ಮುಗಿದು ಉದ್ಯಮಿ ಹೊರಗೆ ಹೋದ ನಂತರ ಏನಾಗುತ್ತದೆ ಎಂಬುದನ್ನು ಸ್ವೀಡನ್‌ನ ಸಂಶೋಧಕಿ ಮಾಲಿನ್ ಮಾಲ್ಮ್‌ಸ್ಟ್ರೋಮ್ ಮತ್ತು ಸಂಗಡಿಗರು ಕಿವಿಯಾರೆ ಕೇಳಿದರು. ಸರ್ಕಾರದ ಹಣವನ್ನು ನವೋದ್ಯಮಗಳಲ್ಲಿ ತೊಡಗಿಸುವ ಅಧಿಕಾರಿಗಳು 2009 ಮತ್ತು 2010ರಲ್ಲಿ 125 ಅರ್ಜಿಗಳ ಮೇಲೆ ನಡೆಸಿದ ಚರ್ಚೆಗಳು ಅವು. ವಯಸ್ಸು ಚಿಕ್ಕದಿದ್ದ ಗಂಡಸಿನ ಬಗ್ಗೆ ‘ಯುವಕ, ಭರವಸೆ ಮೂಡಿಸುತ್ತಾನೆ’ ಎಂಬರ್ಥದ ಮಾತು ಬಂದರೆ, ಅದೇ ಗುಣವಿದ್ದ ಹೆಣ್ಣಿನ ಬಗ್ಗೆ ‘ವಯಸ್ಸು ಚಿಕ್ಕದು, ಅನುಭವ ಸಾಲದು’ ಎಂಬ ಮಾತು ಬಂತು. ಗಂಡಸಿನ ಎಚ್ಚರಿಕೆ ವಿವೇಕವೆನಿಸಿಕೊಂಡಿತು, ಹೆಂಗಸಿನ ಎಚ್ಚರಿಕೆ ಅಳುಕು ಎನಿಸಿಕೊಂಡಿತು. ಕೊನೆಗೆ ಮಹಿಳೆಯರ ಅರ್ಜಿಗಳಲ್ಲಿ ಶೇ 53ರಷ್ಟು ತಿರಸ್ಕೃತವಾದವು, ಪುರುಷರ ಅರ್ಜಿಗಳಲ್ಲಿ ಶೇ 38ರಷ್ಟು. ಮಹಿಳೆಯರಿಗೆ ಸರಾಸರಿಯಾಗಿ ಅವರು ಕೇಳಿದ ಮೊತ್ತದ ಶೇ 25 ದೊರಕಿದರೆ ಪುರುಷರಿಗೆ ಶೇ 52 ದೊರಕಿತು. ಮಹಿಳೆಯರ ಈ ಶೇ 25ರ ಅಂಕಿಯನ್ನು ನೆನಪಿನಲ್ಲಿಡಿ, ನಿಮ್ಮ ವಿಷಯದಲ್ಲಿ ಅದರ ಬಳಕೆ ಇದೆ.

ಇನ್ನು, ಎಲ್ಲ ಅಧ್ಯಯನಗಳೂ ಒಂದೇ ದಿಕ್ಕಿನಲ್ಲಿ ಇವೆ ಎಂದು ಹೇಳಿದರೆ ನಿಮಗೆ ಅನ್ಯಾಯ ಮಾಡಿದಂತಾಗುತ್ತದೆ. ವಿಲ್ ಗೊರ್ನಾಲ್ ಮತ್ತು ಇಲ್ಯಾ ಸ್ಟ್ರೆಬುಲಾಯೆವ್ ಎಂಬ ಸಂಶೋಧಕರು ಕಲ್ಪಿತ ಉದ್ಯಮಿಗಳ ಹೆಸರಿನಲ್ಲಿ ಸುಮಾರು 28,000 ಹೂಡಿಕೆದಾರರಿಗೆ 80,000ದಷ್ಟು ಇಮೇಲ್ ಕಳುಹಿಸಿದಾಗ, ಹೆಣ್ಣಿನ ಹೆಸರಿದ್ದ ಪತ್ರಗಳಿಗೆ ಆಸಕ್ತಿಯ ಉತ್ತರ ಬಂದ ಪ್ರಮಾಣ ಗಂಡಿನ ಹೆಸರಿದ್ದವುಗಳಿಗಿಂತ ಶೇ 9ರಷ್ಟು ಹೆಚ್ಚೇ ಇತ್ತು. ಇದನ್ನು ಮುಂದಿಟ್ಟು ತಾರತಮ್ಯವೇ ಇಲ್ಲ ಎನ್ನುವವರಿದ್ದಾರೆ. ನನಗೆ ಕಾಣುವುದು ಬೇರೆ. ಮೊದಲ ಪತ್ರಕ್ಕೆ ಉತ್ತರಿಸುವುದರಲ್ಲಿ ಹೂಡಿಕೆದಾರರಿಗೆ ಖರ್ಚಿಲ್ಲ, ಅಪಾಯವೂ ಇಲ್ಲ. ಬಾಗಿಲು ತೆರೆಯುತ್ತದೆ, ನಿಮಗೂ ಹನ್ನೊಂದು ಬಾಗಿಲುಗಳು ತೆರೆದವು. ಕಾಗದದ ಮೇಲಿದ್ದ ಹೆಸರು ಮನುಷ್ಯರೂಪ ತಾಳಿ ಎದುರಿಗೆ ಕುಳಿತಾಗ, ಹಣದ ಮಾತು ಹತ್ತಿರವಾದಾಗ ಲೆಕ್ಕ ಬದಲಾಗುತ್ತದೆ. ಆಲಿಸನ್ ವುಡ್ ಬ್ರೂಕ್ಸ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಒಂದೇ ಚಿತ್ರ, ಒಂದೇ ಮಾತುಗಳಿರುವ ಮಂಡನೆಗೆ ಒಮ್ಮೆ ಗಂಡುದನಿಯನ್ನೂ ಒಮ್ಮೆ ಹೆಣ್ಣುದನಿಯನ್ನೂ ಜೋಡಿಸಿದ್ದರು. ಗಂಡುದನಿಯ ಮಂಡನೆಯನ್ನು ಆರಿಸಿದವರು ಶೇ 68ಕ್ಕೂ ಹೆಚ್ಚು.

ಹೂಡಿಕೆಯ ಬದಲು ಸಾಲ ಪಡೆದರೆ ಈ ಗೊಡವೆ ತಪ್ಪೀತೇ ಎಂದೂ ನೀವು ಯೋಚಿಸಿರಬಹುದು. ಅಲ್ಲಿಯೂ ಇದೇ ಗುಣ ಬೇರೆ ರೂಪದಲ್ಲಿದೆ. ಟರ್ಕಿಯಲ್ಲಿ 334 ಬ್ಯಾಂಕ್ ಸಾಲ ಅಧಿಕಾರಿಗಳ ಮುಂದೆ ನಿಜವಾದ ಅರ್ಜಿಗಳನ್ನೇ ಇಟ್ಟು, ಅರ್ಜಿದಾರರ ಲಿಂಗವನ್ನು ಮಾತ್ರ ಅದಲುಬದಲು ಮಾಡಿ ಪರೀಕ್ಷಿಸಿದಾಗ ಮಂಜೂರಾತಿಯ ಪ್ರಮಾಣದಲ್ಲಿ ವ್ಯತ್ಯಾಸವೇ ಕಾಣಲಿಲ್ಲ. ಆದರೆ ಅರ್ಜಿ ಮಹಿಳೆಯದೆಂದು ತೋರಿಸಿದಾಗ ಜಾಮೀನುದಾರರನ್ನು ಕರೆತನ್ನಿ ಎಂದು ಕೇಳುವ ಸಾಧ್ಯತೆ ಶೇ 26ರಷ್ಟು ಹೆಚ್ಚಿತ್ತು. ಅದರಲ್ಲೂ ಗಂಡಸರದೇ ಎಂದು ರೂಢಿಯಾದ ಉದ್ಯಮಕ್ಷೇತ್ರಗಳಲ್ಲಿ ಕಾಲಿಟ್ಟ ಮಹಿಳೆಯರಿಗೆ ಇದು ಹೆಚ್ಚು ತಟ್ಟಿತು. ಮಂಜೂರಾತಿಯ ಅಂಕಿಗಳನ್ನಷ್ಟೇ ನೋಡುವವರು ಸಮಾನತೆ ಇದೆಯೆಂದು ಷರಾ ಬರೆದು ಕಡತ ಮುಚ್ಚುತ್ತಾರೆ, ಜಾಮೀನಿಗಾಗಿ ಅಣ್ಣನ, ಗಂಡನ, ಮಾವನ ಸಹಿಗೆ ಕಾಯುತ್ತ ಕುಳಿತವಳು ಆ ಅಂಕಿಯಲ್ಲಿ ಕಾಣುವುದೇ ಇಲ್ಲ. ಇಟಲಿಯ ಸಣ್ಣ ಉದ್ಯಮಗಳ ಓವರ್‌ಡ್ರಾಫ್ಟ್ (ಖಾತೆಯಲ್ಲಿರುವುದಕ್ಕಿಂತ ಹೆಚ್ಚು ಹಣ ಪಡೆಯುವ ಸಾಲಸೌಲಭ್ಯ) ಖಾತೆಗಳ ಅಧ್ಯಯನವೊಂದು, ಮಹಿಳೆಯರು ಸಾಲ ತೀರಿಸದೆ ಹೋಗುವವರೆಂಬುದಕ್ಕೆ ಯಾವ ಆಧಾರವೂ ಇಲ್ಲದಿದ್ದರೂ ಅವರಿಂದ ಹೆಚ್ಚು ಬಡ್ಡಿ ವಸೂಲಾಗುತ್ತಿತ್ತೆಂದು ತೋರಿಸಿತು. ಅಮೆರಿಕದಲ್ಲಿ 1974ರಲ್ಲಿ ಸಾಲದ ವಿಷಯದಲ್ಲಿ ಲಿಂಗಭೇದ ಮಾಡಬಾರದೆಂಬ ಕಾನೂನು ಬಂದರೂ, ಉದ್ಯಮ ಸಾಲಕ್ಕೆ ಪುರುಷ ಸಂಬಂಧಿಯ ಸಹಿ ಬೇಕೆನ್ನುವ ರಾಜ್ಯಮಟ್ಟದ ನಿಯಮಗಳು ಪೂರ್ತಿ ತೊಲಗಲು 1988ರ ಇನ್ನೊಂದು ಕಾನೂನೇ ಬೇಕಾಯಿತು. ಸಹಿಯ ನಿಯಮ ಹೋಯಿತು, ಸಹಿ ಕೇಳುವ ಅಭ್ಯಾಸ ಉಳಿಯಿತು.

ಈಗ ನಿಮ್ಮ ಮೊದಲ ಅನುಮಾನಕ್ಕೆ ಬರುತ್ತೇನೆ: ಉದ್ಯಮವೇ ದುರ್ಬಲವಿರಬಹುದೇ? ಅಮೆರಿಕದಲ್ಲಿ ಮಹಿಳೆಯರಷ್ಟೇ ಸ್ಥಾಪಿಸಿದ ಕಂಪನಿಗಳಿಗೆ ಹೋಗುವ ವೆಂಚರ್ ಕ್ಯಾಪಿಟಲ್, ಅಂದರೆ ಹೊಸ ಉದ್ಯಮಗಳಲ್ಲಿ ಪಾಲಿಗೆ ಬದಲಾಗಿ ಹೂಡುವ ಬಂಡವಾಳ, ಒಟ್ಟು ಮೊತ್ತದ ಸುಮಾರು ಶೇ 2 ಮಾತ್ರ. ಬ್ರಿಟನ್‌ನಲ್ಲಿ ಪ್ರತಿ ಪೌಂಡಿಗೆ ಒಂದು ಪೆನ್ನಿಯೂ ಹೋಗುತ್ತಿಲ್ಲವೆಂದು 2019ರ ವರದಿ ಹೇಳಿತು. ಈ ಅಂಕಿಗಳನ್ನು ಅಷ್ಟಕ್ಕಷ್ಟೇ ಎತ್ತಿ ಹೇಳುವುದು ನನಗೆ ಒಪ್ಪಿಗೆಯಿಲ್ಲ, ಏಕೆಂದರೆ ಅರ್ಜಿ ಹಾಕುವ ಮಹಿಳೆಯರ ಸಂಖ್ಯೆಯೇ ಕಡಿಮೆ, ಅವರು ತೊಡಗಿರುವ ಕ್ಷೇತ್ರಗಳೂ ಬೇರೆ. ನೋಡಬೇಕಾದದ್ದು, ಹಣ ಸಿಕ್ಕ ಮೇಲೆ ಏನಾಯಿತು ಎಂಬುದನ್ನು. ಬೋಸ್ಟನ್ ಕನ್ಸಲ್ಟಿಂಗ್ ಗ್ರೂಪ್ ಎಂಬ ಸಲಹಾ ಸಂಸ್ಥೆ 2018ರಲ್ಲಿ 350 ನವೋದ್ಯಮಗಳ ಲೆಕ್ಕ ತೆಗೆದಾಗ, ಮಹಿಳೆಯರು ಸ್ಥಾಪಿಸಿದ ಅಥವಾ ಸಹಸ್ಥಾಪಿಸಿದ ಕಂಪನಿಗಳಿಗೆ ಸರಾಸರಿ 9.35 ಲಕ್ಷ ಡಾಲರ್ ಹೂಡಿಕೆ ಸಿಕ್ಕಿತ್ತು, ಪುರುಷರವಕ್ಕೆ 21 ಲಕ್ಷ ಡಾಲರ್. ಆದರೂ ಹೂಡಿದ ಪ್ರತಿ ಡಾಲರಿಗೆ ಮೊದಲನೆಯವು 78 ಸೆಂಟ್ ಆದಾಯ ತಂದವು, ಎರಡನೆಯವು 31 ಸೆಂಟ್. ಇದರಿಂದ ಮಹಿಳೆಯರು ಹುಟ್ಟಿನಿಂದಲೇ ಸಮರ್ಥ ಉದ್ಯಮಿಗಳೆಂದು ತೀರ್ಮಾನಿಸಬೇಕಾಗಿಲ್ಲ. ಜರಡಿಯ ಕಣ್ಣು ಹೆಣ್ಣುಮಕ್ಕಳಿಗೆ ಸಣ್ಣದಾಗಿದ್ದರೆ, ಅದನ್ನು ದಾಟಿ ಬಂದವರು ಗಟ್ಟಿಗರೇ ಆಗಿರುತ್ತಾರೆ. ಮೈಕಲ್ ಯೂವನ್ಸ್ ಮತ್ತು ರಿಚರ್ಡ್ ಟೌನ್ಸೆಂಡ್ 2020ರಲ್ಲಿ ಪ್ರಕಟಿಸಿದ ಅಧ್ಯಯನವೂ ಅದನ್ನೇ ಸೂಚಿಸುತ್ತದೆ: ಪುರುಷ ಹೂಡಿಕೆದಾರರು ಆಸಕ್ತಿ ತೋರಿದ ಉದ್ಯಮಗಳ ಪೈಕಿ ಗಂಡಸರು ನಡೆಸುತ್ತಿದ್ದವುಗಳಿಗಿಂತ ಹೆಂಗಸರು ನಡೆಸುತ್ತಿದ್ದವೇ ಮುಂದೆ ಚೆನ್ನಾಗಿ ನಡೆದವು. ಅಂದರೆ ಹೆಣ್ಣುಮಕ್ಕಳು ದಾಟಬೇಕಾದ ಗೆರೆಯನ್ನು ಮೇಲಕ್ಕೆ ಎಳೆಯಲಾಗಿತ್ತು. ನಾಲ್ಕು ವರ್ಷ ಹೊರಗಿನ ಬಂಡವಾಳವಿಲ್ಲದೆ ವಹಿವಾಟು ಏರಿಸಿಕೊಂಡು ಬಂದ ನಿಮ್ಮ ಕಂಪನಿಯನ್ನು ದುರ್ಬಲವೆನ್ನಲು ನೀವು ಕಳುಹಿಸಿದ ಲೆಕ್ಕಪತ್ರಗಳಲ್ಲಿ ನನಗೆ ಕಾರಣ ಸಿಗಲಿಲ್ಲ. ಒಬ್ಬನೇ ಗ್ರಾಹಕನಿಂದ ಆದಾಯದ ಮೂರನೆಯ ಒಂದು ಭಾಗ ಬರುತ್ತಿರುವುದು ನಿಜವಾದ ಕೊರತೆ. ಅದನ್ನು ಯಾರೇ ಎತ್ತಿದರೂ ತಾರತಮ್ಯವೆಂದು ತಿಳಿಯಬೇಡಿ, ಸರಿಪಡಿಸಿಕೊಳ್ಳಿ.

ಸಹಸಂಸ್ಥಾಪಕರ ವಿಷಯದಲ್ಲಿ ನನ್ನ ಉತ್ತರ ಸ್ಪಷ್ಟವಾದದ್ದು: ಮುಖವಾಡಕ್ಕಾಗಿ ಪಾಲು ಕೊಡಬೇಡಿ. ನಿಮ್ಮ ಹಿತೈಷಿ ಹೇಳಿದ ಉಪಾಯ ಕೆಲಸ ಮಾಡುವುದಿಲ್ಲ ಎಂದು ನಾನು ಹೇಳುತ್ತಿಲ್ಲ. ವಿಚ್ಸಿ ಎಂಬ ಆನ್‌ಲೈನ್ ಕಲಾ ಮಾರಾಟ ತಾಣವನ್ನು ಕಟ್ಟಿದ ಪೆನೆಲೊಪಿ ಗೇಜಿನ್ ಮತ್ತು ಕೇಟ್ ಡ್ವೈಯರ್, ತಮಗೆ ತಡವಾಗಿ, ಅಸಡ್ಡೆಯಿಂದ ಉತ್ತರಿಸುತ್ತಿದ್ದ ಹೊರಗಿನ ತಂತ್ರಜ್ಞರ ಜೊತೆ ವ್ಯವಹರಿಸಲು ಕೀತ್ ಮ್ಯಾನ್ ಎಂಬ ಇಲ್ಲದ ಪುರುಷ ಪಾಲುದಾರನನ್ನೇ ಸೃಷ್ಟಿಸಿಕೊಂಡಿದ್ದರು. ಅವನ ಹೆಸರಿನ ಇಮೇಲಿಗೆ ಬೇಗನೆ, ಮರ್ಯಾದೆಯಿಂದ ಉತ್ತರ ಬರುತ್ತಿತ್ತೆಂದು ಅವರು 2017ರಲ್ಲಿ ಬಹಿರಂಗವಾಗಿ ಹೇಳಿದರು. ಆದರೆ ಕೀತ್‌ಗೆ ಷೇರು ಇರಲಿಲ್ಲ. ನಿಮ್ಮ ಸಹೋದ್ಯೋಗಿಗೆ ಇರುತ್ತದೆ. ಒಮ್ಮೆ ಬರೆದುಕೊಟ್ಟ ಪಾಲನ್ನು ಹಿಂದಕ್ಕೆ ಪಡೆಯುವುದು ಬಲು ಕಷ್ಟ, ಮತ್ತು ನಾಳೆ ಹೂಡಿಕೆದಾರರು ಮಾತುಕತೆಗೆ ಕರೆಯುವುದು ಅವರನ್ನೇ. ನಿಮಗೆ ಮಾರಾಟದ ಹೊಣೆ ಹೊರಬಲ್ಲ ಸಮರ್ಥರೊಬ್ಬರು ನಿಜಕ್ಕೂ ಬೇಕಿದ್ದರೆ, ಅವರು ಗಂಡಾಗಲಿ ಹೆಣ್ಣಾಗಲಿ, ದುಡಿದ ವರ್ಷಗಳಿಗೆ ತಕ್ಕಂತೆ ಪಾಲು ದಕ್ಕುವ ಕರಾರಿನೊಂದಿಗೆ ಸೇರಿಸಿಕೊಳ್ಳಿ.

ಮಹಿಳಾ ಹೂಡಿಕೆದಾರರನ್ನಷ್ಟೇ ಹುಡುಕಿ ಎಂಬ ಸಲಹೆಯೂ ನಿಮಗೆ ಸಿಗುತ್ತದೆ. ಅದರಲ್ಲೊಂದು ಎಡವಟ್ಟಿದೆ, ಅದನ್ನು ಹೇಳಲು ನನಗೆ ನೋವಾಗುತ್ತದೆ. ಇಸಬೆಲ್ ಸೊಲಾಲ್ ಮತ್ತು ಕಾಯ್ಸಾ ಸ್ನೆಲ್‌ಮನ್ ಅಮೆರಿಕದ 2,000ಕ್ಕೂ ಹೆಚ್ಚು ನವೋದ್ಯಮಗಳನ್ನು ಪರಿಶೀಲಿಸಿದಾಗ, ಮೊದಲ ಸುತ್ತಿನಲ್ಲಿ ಮಹಿಳೆಯರಿಂದ ಮಾತ್ರ ಹಣ ಪಡೆದ ಮಹಿಳಾ ಉದ್ಯಮಿಗಳಿಗೆ ಮುಂದಿನ ಸುತ್ತಿನ ಹೂಡಿಕೆ ಸಿಗುವ ಸಾಧ್ಯತೆ, ಮೊದಲ ಸುತ್ತಿನಲ್ಲಿ ಪುರುಷ ಹೂಡಿಕೆದಾರರೂ ಇದ್ದವರಿಗೆ ಹೋಲಿಸಿದರೆ ಅರ್ಧದಷ್ಟಿತ್ತು. ಯೋಗ್ಯತೆ ನೋಡಿಯಲ್ಲ, ಹೆಣ್ಣೆಂಬ ಒಲವಿನಿಂದ ಹಣ ಸಿಕ್ಕಿದೆಯೆಂದು ಹೊರಗಿನವರು ಭಾವಿಸುತ್ತಾರೆ. ಪುರುಷ ಉದ್ಯಮಿಗೆ ಪುರುಷರೇ ಹಣ ಹಾಕಿದಾಗ ಈ ಸಂಶಯ ಯಾರಿಗೂ ಬರುವುದಿಲ್ಲ. ಮಹಿಳಾ ಹೂಡಿಕೆದಾರರ ಹಣವನ್ನು ಬೇಡವೆನ್ನಬೇಡಿ, ಅದೇ ಸುತ್ತಿನಲ್ಲಿ ಪುರುಷ ಹೂಡಿಕೆದಾರರೊಬ್ಬರೂ ಇರುವಂತೆ ನೋಡಿಕೊಳ್ಳಿ.

ಮುಂದಿನ ಭೇಟಿಯಲ್ಲಿ ನಿಮ್ಮ ಕೈಯಲ್ಲಿರುವುದು ಉತ್ತರ. ನ್ಯೂಯಾರ್ಕ್ ಅಧ್ಯಯನದಲ್ಲಿ ನಷ್ಟದ ಪ್ರಶ್ನೆಗೆ ನಷ್ಟದ ಭಾಷೆಯಲ್ಲೇ ಉತ್ತರಿಸಿದವರು ಸರಾಸರಿ 5.63 ಲಕ್ಷ ಡಾಲರ್ ಸಂಗ್ರಹಿಸಿದ್ದರೆ, ಅದೇ ಪ್ರಶ್ನೆಯನ್ನು ಗಳಿಕೆಯ ಕಡೆಗೆ ತಿರುಗಿಸಿ ಉತ್ತರಿಸಿದವರು 79 ಲಕ್ಷ ಡಾಲರ್ ಸಂಗ್ರಹಿಸಿದ್ದರು. ‘ಆಸ್ಪತ್ರೆಗಳು ಕೈಬಿಟ್ಟರೆ?’ ಎಂದು ಕೇಳಿದಾಗ, ಎಷ್ಟು ಆಸ್ಪತ್ರೆಗಳು ಕರಾರು ನವೀಕರಿಸಿವೆ ಎಂಬುದನ್ನು ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿ. ಬಹುತೇಕ ಲಸಿಕೆಗಳನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನೊಳಗೇ ಇಡಬೇಕು, ಪ್ರಯಾಣದ ನಡುವೆ ಆ ಮಿತಿ ಮೀರಿದ್ದು ಗೊತ್ತಾಗದೇ ಹೋಗುವ ಪೆಟ್ಟಿಗೆಗಳೆಲ್ಲವೂ ನಿಮ್ಮ ಮುಂದಿನ ಮಾರುಕಟ್ಟೆ ಎಂಬಲ್ಲಿಗೆ ತಕ್ಷಣ ಮಾತನ್ನು ಕೊಂಡೊಯ್ಯಿರಿ. ಪ್ರಶ್ನೆಯನ್ನು ತಪ್ಪಿಸಿಕೊಂಡಂತೆ ಕಾಣಬಾರದು, ಅದಕ್ಕಾಗಿಯೇ ಆ ಮೊದಲ ವಾಕ್ಯ. ಮನೆಯ ಪ್ರಶ್ನೆ ಬಂದರೆ ನಿಮ್ಮ ಸಂಸಾರದ ವಿವರ ಕೊಡುವ ಅಗತ್ಯವಿಲ್ಲ. ‘ನಾನಿಲ್ಲದ ದಿನ ಕಂಪನಿ ನಡೆಸುವವರು ಯಾರು ಎಂದು ಕೇಳುತ್ತಿದ್ದೀರಿ ಎಂದುಕೊಳ್ಳುತ್ತೇನೆ’ ಎಂದು ಹೇಳಿ, ನಿಮ್ಮ ತಂಡವನ್ನು ಪರಿಚಯಿಸಿ. ಹೀಗೆ ಉತ್ತರಿಸುವ ಹೊರೆ ನಿಮ್ಮ ಮೇಲೇ ಬೀಳುವುದು ನ್ಯಾಯವಲ್ಲ. ಎಲ್ಲ ಅರ್ಜಿದಾರರಿಗೂ ಒಂದೇ ಪ್ರಶ್ನಾವಳಿ ಇಟ್ಟು, ಪರಸ್ಪರ ಚರ್ಚಿಸುವ ಮೊದಲೇ ಪ್ರತಿಯೊಬ್ಬರೂ ತಮ್ಮ ಅಂಕ ಬರೆದಿಡುವುದು ಹೂಡಿಕೆದಾರರ ಕರ್ತವ್ಯ. ಹಳೆಯ ಟಿಪ್ಪಣಿ ಪುಸ್ತಕ ತೆರೆದ ವರ್ಷ ನಮ್ಮ ಸಮಿತಿಯಲ್ಲಿ ನಾನು ಹಟ ಹಿಡಿದು ಮಾಡಿಸಿದ್ದು ಇಷ್ಟನ್ನೇ.

ಕೊನೆಯದಾಗಿ, ನೀವು ಇಳಿಸಿದ ಮೊತ್ತ. ಅದನ್ನು ಮೊದಲಿನ ಲೆಕ್ಕಕ್ಕೇ ತನ್ನಿ. ನಿಮ್ಮ ಯೋಜನೆಯ ಪ್ರಕಾರ ಹೊಸ ಸಾಧನದ ಪರೀಕ್ಷೆ ಮುಗಿದು ಪ್ರಮಾಣಪತ್ರ ಕೈಗೆ ಬರಲು ಹದಿನೆಂಟು ತಿಂಗಳು ಬೇಕು, ಮೊದಲು ಕೇಳಿದ ಮೊತ್ತ ಅಷ್ಟಕ್ಕೆ ಸರಿಹೋಗುತ್ತಿತ್ತು. ಅರ್ಧ ಹಣ ಒಂಬತ್ತನೆಯ ತಿಂಗಳಿಗೆ ಮುಗಿಯುತ್ತದೆ. ಆಗ ನೀವು ಅರೆಬರೆ ಪರೀಕ್ಷೆಯ ಫಲಿತಾಂಶ ಹಿಡಿದು ಮತ್ತೆ ಇದೇ ಮೇಜುಗಳ ಮುಂದೆ ಕುಳಿತಿರುತ್ತೀರಿ, ಎದುರಿಗಿರುವವರ ಪ್ರಶ್ನೆಗಳಿಗೆ ಆಗ ನಿಜವಾದ ಕಾರಣವೂ ಇರುತ್ತದೆ. ಸ್ವೀಡನ್‌ನಲ್ಲಿ ಕಂಡಂತೆ ಕೇಳಿದ್ದರಲ್ಲಿ ಕಾಲು ಭಾಗವನ್ನಷ್ಟೇ ಕೊಡುವ ರೂಢಿ ಎಲ್ಲಾದರೂ ಇದ್ದರೆ, ಅರ್ಧ ಕೇಳಿದವರಿಗೆ ಸಿಗುವುದು ಎಂಟನೆಯ ಒಂದು ಭಾಗ. ಹನ್ನೆರಡನೆಯವರನ್ನು ಕಾಣುವ ಮುಂಚೆ ಮೊದಲ ಪುಟದ ಆ ಅಂಕಿಯನ್ನು ತಿದ್ದಿ, ಅದರ ಕೆಳಗೇ ಹದಿನೆಂಟು ತಿಂಗಳ ಖರ್ಚನ್ನು ತಿಂಗಳವಾರು ಬರೆದಿಡಿ.